ಜೇಬಿನಲ್ಲಿದ್ದ ಪ್ರಶ್ನೆ

"ಫೆಬ್ರವರಿ ಮೂವತ್ತನೇ ತಾರೀಕು ಯಾವ ದೇಶದಲ್ಲಿ ಬಂದಿತ್ತು?"

ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಯುಗಾದಿ ಪಾಟ್‌ಲಕ್‌ನಲ್ಲಿ ಊಟಕ್ಕೆ ಮುಂಚೆ ಈ ಪ್ರಶ್ನೆ ಕೇಳಿದ್ದೇ ತಡ, ಅಮೆರಿಕದ ಮೇರಿಲ್ಯಾಂಡಿನಲ್ಲಿ ರಾಕ್‌ವಿಲ್‌ನ ಒಂದು ಶಾಲೆಯ ಕೆಫೆಟೀರಿಯಾ ತುಂಬ ನಗು. ಹಸಿದವರ ಮುಂದೆ ನಿಂತು ಇತಿಹಾಸದ ಪ್ರಶ್ನೆ ಕೇಳುವುದಕ್ಕೇ ಗುಂಡಿಗೆ ಬೇಕು. ಇಲ್ಲದ ತಾರೀಕಿನ ಬಗ್ಗೆ ಕೇಳುವುದಕ್ಕೆ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು. ಮೈಕ್ ಹಿಡಿದಿದ್ದವನು ಯಶವಂತ್. ಮೂವತ್ತಾರು ವರ್ಷ, ಮದುವೆಯಾಗಿಲ್ಲ, ಬೆಂಗಳೂರಿನಲ್ಲಿ ಹತ್ತಿಸಿಕೊಂಡ ಕ್ವಿಜ್ ಹುಚ್ಚನ್ನು ಸೂಟ್‌ಕೇಸಿನ ಜೊತೆಗೇ ತಂದವನು. ವಾರವಿಡೀ ಕಂಪ್ಯೂಟರುಗಳಿಗೆ ಬರಲಿರುವ ಎರಡು ಸಾವಿರದ ಇಸವಿಯನ್ನು ಎದುರಿಸುವುದು ಕಲಿಸುತ್ತಿದ್ದ. ವಾರದ ಕೊನೆಗೆ ಅಲ್ಲಿನ ಕನ್ನಡ ಸಂಘದ ಜನರಿಗೆ ಹಳೆಯ ಇಸವಿಗಳ ಕಾಟ ಕೊಡುತ್ತಿದ್ದ.

"ಅಂಥ ದಿನವೇ ಇಲ್ಲ ಕಣಯ್ಯಾ, ಊಟ ಹಾಕಿಸು" ಎಂದು ಯಾರೋ ಕೂಗಿದರು.

ಸಾರಿನ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದ ಜ್ಯೋತ್ಸ್ನಾ ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: "ಸ್ವೀಡನ್. ಸಾವಿರದ ಏಳುನೂರ ಹನ್ನೆರಡು."

ಅಷ್ಟು ಗದ್ದಲದಲ್ಲೂ ಅವನಿಗೆ ಅದು ಕೇಳಿಸಿತು. "ಸ್ವೀಡನ್ ಸರಿ. ಇಸವಿ ಮಾತ್ರ ಏಳುನೂರ ಇಪ್ಪತ್ತೊಂದು."

"ಅಲ್ಲ, ಹನ್ನೆರಡು."

"ನನ್ನ ಕಾರ್ಡಲ್ಲಿ ಇಪ್ಪತ್ತೊಂದು ಅಂತಿದೆ ಮೇಡಂ."

"ಹಾಗಾದ್ರೆ ಕಾರ್ಡ್ ಬರೆಯೋವಾಗ ನಿಮಗೆ ನಿದ್ದೆ ಬಂದಿರ್ಬೇಕು."

ಈ ಸಲ ನಗು ಅವನ ಮೇಲೆ ತಿರುಗಿತು. ಅವನೂ ನಕ್ಕ. ಆದರೆ ನಗುತ್ತಲೇ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಆಮೇಲೆ ಅವಳನ್ನು ನೋಡಿದ. ಜ್ಯೋತ್ಸ್ನಾ ತಲೆ ತಗ್ಗಿಸಿ ಸಾರು ಕಲಕಿದಳು. ಕಲಕುವ ಅಗತ್ಯವೇನೂ ಇರಲಿಲ್ಲ.

ಅವಳ ತಂದೆ ಮೈಸೂರಿನಲ್ಲಿ ಪಂಚಾಂಗದ ಗಣಿತ ಹಾಕುತ್ತಿದ್ದವರು. ಜಗತ್ತಿನ ಯಾವ ದೊರೆ ಯಾವ ದಿನವನ್ನು ನುಂಗಿದ, ಯಾವನು ಒಂದು ದಿನ ಹೆಚ್ಚಿಗೆ ಸೇರಿಸಿದ ಎಂಬ ಕಥೆಗಳನ್ನು ಮೊಸರನ್ನದ ಕೈತುತ್ತಿನ ಜೊತೆ ಮಗಳಿಗೆ ತಿನ್ನಿಸಿದ್ದರು. ಸ್ವೀಡನ್ನಿನ ಮೂವತ್ತನೇ ಫೆಬ್ರವರಿ ಅವಳಿಗೆ ನೆಂಟರ ಮನೆಯ ಸುದ್ದಿಯಷ್ಟೇ ಪರಿಚಯ.

ಮುಂದಿನ ಶನಿವಾರ ಒಂಬತ್ತು ವರ್ಷದ ಮಗಳು ಇಶಾಳನ್ನು ರಾಜಲಕ್ಷ್ಮಿ ಆಂಟಿಯ ಕನ್ನಡ ಕ್ಲಾಸಿಗೆ ಬಿಟ್ಟು, ಎಂದಿನಂತೆ ರಾಕ್‌ವಿಲ್ ಲೈಬ್ರರಿಯಲ್ಲಿ ಕೂತಿದ್ದಳು. ಹತ್ತರಿಂದ ಹನ್ನೆರಡರವರೆಗೆ ಕ್ಲಾಸು. ಅಷ್ಟರಲ್ಲಿ ಅರ್ಧ ಗಂಟೆ ದೂರದ ಕೊಲಂಬಿಯಾ ಊರಿನ ಮನೆಗೆ ಹೋಗಿ ಬರುವುದು ಪೆಟ್ರೋಲಿಗೆ ದಂಡ. ಎದುರಿಗೆ ಯಾರೋ ಬಂದು ನಿಂತರು.

"ಹನ್ನೆರಡೇ," ಎಂದ ಯಶವಂತ್. "ಮೂರು ಪುಸ್ತಕ ನೋಡ್ದೆ. ನಂದೇ ತಪ್ಪು."

ಇದೇನು ದೊಡ್ಡ ಮಾತಲ್ಲ. ಆದರೆ ಎಂಟು ವರ್ಷದ ಸಂಸಾರದಲ್ಲಿ ಒಬ್ಬ ಗಂಡಸಿನ ಬಾಯಲ್ಲಿ ಆ ಎರಡು ಪದ ಒಂದು ಸಲವೂ ಕೇಳದ ಹೆಂಗಸಿಗೆ ಅದು ಎಷ್ಟು ದೊಡ್ಡದಾಗಿ ಕೇಳಿಸಿತು ಎನ್ನುವುದನ್ನು ಅಂಥವರೇ ಹೇಳಬೇಕು. ಅವಳು ಎದುರಿನ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ನೆಲದ ಮೇಲಿಟ್ಟಳು.

ಶನಿವಾರಗಳು ಶುರುವಾದದ್ದು ಹಾಗೆ.

ಯಶವಂತನಿಗೆ ಪ್ರಶ್ನೆ ತಯಾರಿಸುವುದರಲ್ಲಿ ಒಂದು ಶಿಸ್ತಿತ್ತು. ಒಂದು ಕಾರ್ಡಿಗೆ ಒಂದು ಪ್ರಶ್ನೆ. ಹಿಂಬದಿಯಲ್ಲಿ ಉತ್ತರ, ಅದರ ಕೆಳಗೆ ಮೂಲ: ಯಾವ ಪುಸ್ತಕ, ಯಾವ ಪುಟ, ಹುಡುಕಿದ್ದು ಯಾರು, ಎಲ್ಲಿ, ಯಾವತ್ತು. ಮೂಲವಿಲ್ಲದ ಪ್ರಶ್ನೆಯನ್ನು ಕೇಳುವ ಹಾಗಿಲ್ಲ. ಸಂಘದಲ್ಲಿ ಆ ನಿಯಮ ತಂದವನೇ ಅವನು. ಯಾರಾದರೂ ಸವಾಲು ಹಾಕಿದರೆ ಕಾರ್ಡ್ ತಿರುಗಿಸಿ ತೋರಿಸಬೇಕು.

"ಬೆಂಗಳೂರಲ್ಲಿ ಒಂದ್ಸಲ ಮೂಲ ಇಲ್ದೆ ಕೇಳಿ ಏಟು ತಿನ್ನೋದೊಂದು ಬಾಕಿ ಇತ್ತು," ಎಂದ.

"ತಿಂದಿದ್ರೆ ಇಸವಿನಾದ್ರೂ ಸರಿಯಾಗಿ ಬರೀತಿದ್ರಿ."

"ಅದನ್ನ ಇನ್ನೂ ಎಷ್ಟು ವರ್ಷ ಹೇಳ್ತೀರಿ?"

"ಏಳುನೂರ ಹನ್ನೆರಡು ವರ್ಷ."

ಓದುವಾಗ ಕನ್ನಡಕವನ್ನು ಹಣೆಗೇರಿಸುವುದು, ಆಮೇಲೆ ಮೇಜೆಲ್ಲ ತಡಕಾಡುವುದು ಅವನ ಅಭ್ಯಾಸ. ಜ್ಯೋತ್ಸ್ನಾ ಹೇಳುತ್ತಿರಲಿಲ್ಲ. ಅವನು ಪುಸ್ತಕಗಳ ಕೆಳಗೆಲ್ಲ ಹುಡುಕಿ ಸೋತು, ಮುಖವೆತ್ತಿ, ಅವಳ ತುಟಿಯ ಅಂಚಿನಲ್ಲಿ ಒತ್ತಿ ಹಿಡಿದ ನಗುವನ್ನು ಕಂಡು, ಕೈಯನ್ನು ಮೆಲ್ಲಗೆ ಹಣೆಗೆ ಒಯ್ಯುವವರೆಗೆ ಕಾಯುತ್ತಿದ್ದಳು. ಮತ್ತೆ ಕನ್ನಡಕ ಹಾಕಿಕೊಂಡವನು ಅವಳನ್ನೇ ಮೊದಲು ನೋಡುತ್ತಿದ್ದ. ಆ ಒಂದು ನೋಟಕ್ಕಾಗಿ ಅವಳು ವಾರದಲ್ಲಿ ಆರು ದಿನ ತಾನು ಕೆಲಸಕ್ಕಿದ್ದ ಲ್ಯಾಬಿನ ಟೆಸ್ಟ್‌ಟ್ಯೂಬುಗಳನ್ನು ಸಹಿಸಿಕೊಂಡಳು.

"ಜಗತ್ತಿನ ಅತಿ ಚಿಕ್ಕ ಯುದ್ಧ ಯಾವ್ದು ಹೇಳಿ," ಎಂದ ಒಮ್ಮೆ. "ಜಾಂಜಿಬಾರ್, ಸಾವಿರದ ಎಂಟುನೂರ ತೊಂಬತ್ತಾರು. ಬ್ರಿಟಿಷರ ಹಡಗುಗಳು ಗುಂಡು ಹಾರಿಸಿ ಮುಗಿಸೋಕೆ ಮುಕ್ಕಾಲು ಗಂಟೆ ಕೂಡ ಬೇಕಾಗ್ಲಿಲ್ಲ."

"ಮದ್ವೆಯಾದ ಮೇಲೆ ನಮ್ಮ ಮೊದಲನೇ ಜಗಳ ಅದಕ್ಕಿಂತ ಜಾಸ್ತಿ ಹೊತ್ತು ನಡೀತು," ಎಂದಳು ಜ್ಯೋತ್ಸ್ನಾ.

ಅವನು ನಗಲಿಲ್ಲ. ಅದು ನಗುವ ಮಾತಲ್ಲ ಎಂದು ಅವನಿಗೆ ಗೊತ್ತಾಗಿತ್ತು.

ಅವಳ ಗಂಡ ಮುರಳೀಧರ ಅಟ್ಲಾಂಟಾದಲ್ಲಿ ಡಾಕ್ಟರ್. ಅವನನ್ನು ಬಿಟ್ಟು ಇಶಾಳೊಂದಿಗೆ ಮೇರಿಲ್ಯಾಂಡಿಗೆ ಬಂದು ಎರಡು ವರ್ಷವಾಗಿತ್ತು. ವಿಚ್ಛೇದನದ ಕೇಸು ಅಟ್ಲಾಂಟಾದಲ್ಲೇ ನಡೆಯುತ್ತಿತ್ತು. ಮನೆ, ಕಾರು ಎಲ್ಲ ಅವನಿಗೇ ಇರಲಿ ಎಂದು ಜ್ಯೋತ್ಸ್ನಾ ಯಾವತ್ತೋ ಬಿಟ್ಟುಕೊಟ್ಟಿದ್ದಳು. ಉಳಿದದ್ದು ಒಂದೇ ಪ್ರಶ್ನೆ: ಇಶಾ ಯಾರ ಹತ್ತಿರ ಇರಬೇಕು?

"ಕೋರ್ಟಿನ ಆರ್ಡರ್ ಕೈಗೆ ಬರುವವರೆಗೆ ನಿಮ್ಮ ಹೆಸರಿನ ಪಕ್ಕದಲ್ಲಿ ಯಾವ ಗಂಡಸಿನ ಹೆಸರೂ ಇರಬಾರದು," ಎಂದು ಅವಳ ವಕೀಲೆ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು. "ಕಾಫಿಗೂ ಬೇಡ. ಜಡ್ಜ್ ಹಳೇ ಕಾಲದವರು. ತಾಯಿಯ ನಡತೆ ಅನ್ನೋ ಮಾತು ಬಂದರೆ ಮಗು ಕೈತಪ್ಪಬಹುದು."

ಲೈಬ್ರರಿಯ ಮೇಜು ಕಾಫಿಯಲ್ಲ ಎಂದು ಜ್ಯೋತ್ಸ್ನಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಯಶವಂತನಿಗೂ ಎಲ್ಲ ಹೇಳಿದ್ದಳು. ಅಂದಿನಿಂದ ಅವನು ಕುರ್ಚಿಯನ್ನು ಮೇಜಿನ ಇನ್ನೊಂದು ತುದಿಗೆ ಎಳೆದುಕೊಂಡ. ನಡುವೆ ಪುಸ್ತಕಗಳ ಒಂದು ಗೋಡೆ ಇಟ್ಟ. ಕಾರ್ಡುಗಳನ್ನು ಆ ಗೋಡೆಯ ಮೇಲಿಂದ ದಾಟಿಸುತ್ತಿದ್ದ.

ಆಗಸ್ಟಿನ ಒಂದು ಶನಿವಾರ ದಾಟಿ ಬಂದ ಕಾರ್ಡಿನಲ್ಲಿ ಹೀಗಿತ್ತು: ಸಾವಿರದ ಏಳುನೂರ ಐವತ್ತೆರಡರ ಸೆಪ್ಟೆಂಬರ್ ಏಳರಂದು ಮೇರಿಲ್ಯಾಂಡಿನಲ್ಲಿ ಏನಾಯಿತು?

"ಏನೂ ಆಗ್ಲಿಲ್ಲ," ಎಂದಳು. ತಂದೆ ಹೇಳಿದ ಕಥೆಗಳಲ್ಲಿ ಇದೂ ಇತ್ತು. "ಬ್ರಿಟಿಷರು ಕ್ಯಾಲೆಂಡರ್ ಬದಲಾಯಿಸಿದ್ರು. ಎರಡನೇ ತಾರೀಕು ಮಲಗಿದವರು ಎದ್ದಾಗ ಹದಿನಾಲ್ಕು. ಏಳನೇ ತಾರೀಕು ಬರ್ಲೇ ಇಲ್ಲ."

"ಹನ್ನೊಂದು ದಿನ," ಎಂದ ಅವನು ಪುಸ್ತಕಗಳ ಆಚೆಯಿಂದ. "ಯಾರ ಡೈರಿಯಲ್ಲೂ ಇಲ್ಲ. ಆ ದಿನ ಎಲ್ಲಿದ್ರಿ, ಯಾರ ಜೊತೆ ಇದ್ರಿ ಅಂತ ಯಾವ ಲಾಯರೂ ಕೇಳೋ ಹಾಗಿಲ್ಲ."

ಜ್ಯೋತ್ಸ್ನಾ ತಲೆಯೆತ್ತಲಿಲ್ಲ. ಎತ್ತಿದ್ದರೆ ಅತ್ತುಬಿಡುತ್ತಿದ್ದಳು.

"ಅಂಥ ಹನ್ನೊಂದು ದಿನ ಸಿಕ್ಕಿದ್ರೆ ಏನ್ಮಾಡ್ತೀರಿ?" ಎಂದು ಮೆತ್ತಗೆ ಕೇಳಿದ.

"ಮೊದಲನೇ ದಿನ ಈ ಪುಸ್ತಕಗಳನ್ನೆಲ್ಲ ಶೆಲ್ಫಿಗೆ ಇಡ್ತೀನಿ," ಎಂದಳು.

ಮಿಕ್ಕ ಹತ್ತು ದಿನದ ಬಗ್ಗೆ ಅವನು ಕೇಳಲಿಲ್ಲ. ಹನ್ನೆರಡಾಗಲು ಐದು ನಿಮಿಷವಿತ್ತು. ಅವಳು ಎದ್ದು ಮಗಳನ್ನು ಕರೆತರಲು ಹೋದಳು.

ಸೆಪ್ಟೆಂಬರಿನಲ್ಲಿ ಅವಳಿಗೊಂದು ನಿಧಿ ಸಿಕ್ಕಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ನೌಕೆಗಳ ಬಗ್ಗೆ ಒಂದು ಹಳೆಯ ಪುಸ್ತಕ. ಸಾವಿರದ ಏಳುನೂರ ಎಂಬತ್ತೆರಡರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದವರ ಒಂದು ಹಡಗು ತನಗಿಂತ ದೊಡ್ಡ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿದಿತ್ತು. ಕ್ಯಾಪ್ಟನ್ ಬಾಲ್ಟಿಮೋರಿನ ಕಡೆಯ ಹುಡುಗ, ಇಪ್ಪತ್ತಮೂರು ಕೂಡ ತುಂಬಿರಲಿಲ್ಲ. ಹಡಗಿನ ಹೆಸರು ಹೈದರ್ ಅಲಿ.

"ನಮ್ಮ ಹೈದರಾಲಿ," ಎಂದಳು. ಲೈಬ್ರರಿ ಎನ್ನುವುದೂ ಮರೆತು ಸ್ವಲ್ಪ ಜೋರಾಗಿಯೇ. "ಶ್ರೀರಂಗಪಟ್ಟಣದ ಹೈದರಾಲಿ. ಅಲ್ಲಿ ಅವನು ಬ್ರಿಟಿಷರ ಜೊತೆ ಹೊಡೆದಾಡ್ತಿದ್ದ. ಇಲ್ಲಿ ಇವರು ಅವನ ಹೆಸರನ್ನ ಹಡಗಿಗೆ ಇಟ್ಕೊಂಡು ಹೊಡೆದಾಡ್ತಿದ್ರು."

ಯಶವಂತ್ ಪುಸ್ತಕಗಳ ಗೋಡೆಯನ್ನು ಮರೆತು ಎದ್ದು ಬಂದು ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. "ಅವನಿಗೆ ಇದು ಗೊತ್ತಿತ್ತಾ?"

"ಅದೇ ವರ್ಷ ಡಿಸೆಂಬರಲ್ಲಿ ಸತ್ತ. ಗೊತ್ತಾಯ್ತೋ ಇಲ್ವೋ ಪಾಪ."

ಕಾರ್ಡನ್ನು ಅವನೇ ಬರೆದ. ಪುಸ್ತಕ, ಪುಟ, ಕೊನೆಗೆ: ಹುಡುಕಿದ್ದು ಜ್ಯೋತ್ಸ್ನಾ, ರಾಕ್‌ವಿಲ್ ಲೈಬ್ರರಿ, ಶನಿವಾರ. ಅವಳ ಹೆಸರಿನ ಒತ್ತಕ್ಷರಗಳನ್ನು ಒಂದೊಂದಾಗಿ, ನಿಧಾನವಾಗಿ, ಮುಗಿಸಲು ಮನಸ್ಸಿಲ್ಲದವನ ಹಾಗೆ ಬರೆದ. ಅವಳು ಅದನ್ನೇ ನೋಡುತ್ತಾ ಕೂತಳು. ಅಂದು ಮಲಗುವ ಮುಂಚೆ ಇಶಾಳಿಗೆ ಆ ಹಡಗಿನ ಕಥೆ ಹೇಳಿದಳು. ಇಶಾ ಎರಡು ಸಲ ಹೇಳಿಸಿಕೊಂಡಳು.

ನವೆಂಬರಿನಲ್ಲಿ ರಾಜ್ಯೋತ್ಸವದ ಕ್ವಿಜ್. ಕುಟುಂಬಕ್ಕೊಂದು ತಂಡ. ಇಶಾ ಹಟ ಹಿಡಿದಳು. ಜ್ಯೋತ್ಸ್ನಾ ಬೇಡವೆಂದರೂ ಕೇಳಲಿಲ್ಲ. ಯಶವಂತ್ ಜ್ಯೋತ್ಸ್ನಾ ಹುಡುಕಿದ ಕಾರ್ಡುಗಳನ್ನೆಲ್ಲ ಪೆಟ್ಟಿಗೆಯಿಂದ ಬೇರೆ ತೆಗೆದಿಟ್ಟ. "ನಿಮಗೆ ಗೊತ್ತಿರೋದು ಒಂದೂ ಬರಲ್ಲ. ಧೈರ್ಯವಾಗಿ ಸೋಲಿ," ಎಂದ.

ಅವರು ಸೋಲಲಿಲ್ಲ. ಕೊನೆಯ ಪ್ರಶ್ನೆ ಮುಗಿದಾಗ ಎರಡು ತಂಡ ಸಮಸಮ. ಒಂದು ಜ್ಯೋತ್ಸ್ನಾ ಮತ್ತು ಇಶಾ. ಇನ್ನೊಂದು ಸಂಘದ ಅಧ್ಯಕ್ಷ ಡಾಕ್ಟರ್ ಕೃಷ್ಣಪ್ರಸಾದ ಮತ್ತು ಅವರ ಹೆಂಡತಿ. ಕೃಷ್ಣಪ್ರಸಾದ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಮುರಳೀಧರನ ಸಹಪಾಠಿ. ಇವತ್ತಿಗೂ ಭಾನುವಾರ ಬಂದರೆ ಅಟ್ಲಾಂಟಾಗೆ ಫೋನ್ ಮಾಡುವಷ್ಟು ಸ್ನೇಹ.

"ಟೈ ಬ್ರೇಕರ್," ಎಂದು ಜನ ಕೂಗಿದರು.

ಯಶವಂತ್ ಪೆಟ್ಟಿಗೆಯನ್ನು ತಲೆಕೆಳಗು ಮಾಡಿದ. ಖಾಲಿ. ಆಮೇಲೆ ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲಿಂದ ಅಂಚು ಸವೆದ ಒಂದು ಕಾರ್ಡ್ ಹೊರಬಂತು. ಅದು ಯಾವ ಕಾರ್ಡೆಂದು ಜ್ಯೋತ್ಸ್ನಾ ನೋಡಿದ ಕೂಡಲೇ ಗುರುತಿಸಿದಳು. ಅವಳು ಹೇಗೂ ಬಾಯಿ ಬಿಡುವುದಿಲ್ಲ, ಕೃಷ್ಣಪ್ರಸಾದರಿಗೆ ಗೊತ್ತಿರುವುದಿಲ್ಲ, ಬಹುಮಾನ ಇಬ್ಬರಿಗೂ ಹಂಚಿದರಾಯಿತು ಎಂದು ಅವನು ಲೆಕ್ಕ ಹಾಕಿದ್ದ. ಆ ಲೆಕ್ಕದಲ್ಲಿ ಇಶಾ ಇರಲಿಲ್ಲ.

"ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಒಂದು ಹಡಗಿಗೆ ನಮ್ಮ ಕಡೆಯ ಒಬ್ಬರ ಹೆಸರಿತ್ತು. ಯಾರದು?"

ಒಂದೊಂದು ತಂಡದ ಮುಂದೆಯೂ ದೇವರ ಮನೆಯ ಒಂದೊಂದು ಗಂಟೆ ಇಟ್ಟಿದ್ದರು. ಇಶಾ ಎರಡೂ ಕೈಯಲ್ಲಿ ಗಂಟೆ ಬಾರಿಸಿದಳು. "ಹೈದರ್ ಅಲಿ. ನಂಗೆ ಗೊತ್ತು. ಬ್ಯಾಟಲ್ ವಾಸ್ ಇನ್ ಡೆಲವೇರ್ ಬೇ."

ಚಪ್ಪಾಳೆ ಏಳುವ ಮುಂಚೆಯೇ ಕೃಷ್ಣಪ್ರಸಾದ ಎದ್ದು ನಿಂತರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪಕ್ಕಿಂತ ಕೆಟ್ಟದ್ದೇನೋ ಇತ್ತು. "ಒಂಬತ್ತು ವರ್ಷದ ಮಗೂಗೆ ಇದು ಹೇಗಪ್ಪ ಗೊತ್ತು? ನಾನು ಚಾಲೆಂಜ್ ಮಾಡ್ತೀನಿ. ನಿನ್ನದೇ ರೂಲ್ ಅಲ್ವಾ, ಕಾರ್ಡ್ ತಿರುಗಿಸಿ ಮೂಲ ತೋರಿಸು."

ಕಾರ್ಡ್ ತಿರುಗಿಸಿದರೆ ಅವಳ ಹೆಸರು. ಲೈಬ್ರರಿ. ಶನಿವಾರ. ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಯಶವಂತ್ ಕಾರ್ಡನ್ನು ಅಂಗೈಯಲ್ಲಿ ಮುಚ್ಚಿದ. "ಇದಕ್ಕೆ ಮೂಲ ಇಲ್ಲ. ಎಲ್ಲೋ ಕೇಳಿದ್ದು, ನಿಜ ಅಲ್ದೇನೂ ಇರ್ಬಹುದು. ಪ್ರಶ್ನೆ ಕ್ಯಾನ್ಸಲ್."

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋದು ಇದಕ್ಕೇ," ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇಷ್ಟು ದಿನ ಅವನ ನಿಯಮಕ್ಕೆ ಹೆದರಿದ್ದವರಿಗೆಲ್ಲ ಖುಷಿಯಾಯಿತು. ಅವನು ತಲೆ ತಗ್ಗಿಸಿ ನಿಂತ.

ಇಶಾ ತಾಯಿಯ ಸೆರಗು ಹಿಡಿದು ಎಳೆದಳು. ಅವಳ ಕಣ್ಣು ತುಂಬಿತ್ತು. "ಅಮ್ಮ, ಇಟ್ಸ್ ನಾಟ್ ಫೇರ್. ನಾನು ಹೇಳಿದ್ದು ರೈಟ್ ಅಲ್ವಾ? ನೀನೇ ಅಲ್ವಾ ಹೇಳಿದ್ದು? ನೀನು ಸುಳ್ಳು ಹೇಳಿದ್ಯಾ?"

ಸುಮ್ಮನಿದ್ದರೆ ಮುಗಿಯುತ್ತಿತ್ತು. ಯಶವಂತ್ ತನ್ನ ಮಾನ ಕೊಟ್ಟು ಅಷ್ಟು ದಾರಿ ಮಾಡಿಕೊಟ್ಟಿದ್ದ. ಆರ್ಡರ್ ಬರಲು ಉಳಿದ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಮಗಳು ತನ್ನವಳು. ಆದರೆ ಆ ಮಗಳೇ ಈಗ ಮುಖ ನೋಡುತ್ತಿದ್ದಳು. ಯಾರ ಮೇಲಿನ ನಂಬಿಕೆಗೆ ಅವಳು ಗಂಟೆ ಬಾರಿಸಿದ್ದಳೋ ಆ ನಂಬಿಕೆಯನ್ನು ಕಳೆದು ಅವಳನ್ನು ಉಳಿಸಿಕೊಂಡು ಏನು ಮಾಡುವುದು ಎಂದು ಜ್ಯೋತ್ಸ್ನಾಳಿಗೆ ಅನ್ನಿಸಿತು. ಎದ್ದು ನಿಂತಳು.

"ಉತ್ತರ ಸರಿ. ಮೂಲ ಅವರ ಕೈಯಲ್ಲೇ ಇದೆ. ಅದನ್ನ ಹುಡುಕಿದ್ದು ನಾನು, ರಾಕ್‌ವಿಲ್ ಲೈಬ್ರರಿಲಿ. ಏಪ್ರಿಲ್‌ನಿಂದ ಶನಿವಾರ ನಾವಿಬ್ಬರೂ ಅಲ್ಲಿ ಕೂತು ಪ್ರಶ್ನೆ ಹುಡುಕ್ತೀವಿ. ಮೊದಲೇ ಗೊತ್ತಿದ್ದರಿಂದ ನಮಗೆ ಆ ಪಾಯಿಂಟ್ ಬೇಡ, ಬಹುಮಾನ ನೀವೇ ತಗೊಳ್ಳಿ ಡಾಕ್ಟ್ರೇ. ಆದ್ರೆ ನನ್ನ ಮಗಳು ಹೇಳಿದ್ದು ತಪ್ಪಲ್ಲ."

ಕೆಫೆಟೀರಿಯಾ ತುಂಬ ಗುಸುಗುಸು. ಊರ ಬಾಯಿಗೆ ಮುಚ್ಚಳವುಂಟೇ. ಅದು ಮೇರಿಲ್ಯಾಂಡ್ ಆದರೇನು, ಮೈಸೂರಿನ ಮಂಡಿ ಮೊಹಲ್ಲಾ ಆದರೇನು.

ಪಾರ್ಕಿಂಗ್ ಲಾಟಿನಲ್ಲಿ ಯಶವಂತ್ ಅವಳ ಕಾರಿನಿಂದ ನಾಲ್ಕು ಹೆಜ್ಜೆ ದೂರ ನಿಂತ. ಇಶಾ ಒಳಗೆ ಹಿಂದಿನ ಸೀಟಿನಲ್ಲಿ ಮುಖ ತಿರುಗಿಸಿ ಕೂತಿದ್ದಳು.

"ನಾನು ಹಾಳು ಮಾಡ್ಬಿಟ್ಟೆ," ಎಂದ.

"ಆ ಕಾರ್ಡ್ ಜೇಬಲ್ಲಿ ಯಾಕಿತ್ತು? ನನ್ನವೆಲ್ಲ ತೆಗೆದಿಟ್ಟಿದ್ದೀನಿ ಅಂದಿದ್ರಿ."

ಅವನು ಜೇಬನ್ನು ಮುಟ್ಟಿಕೊಂಡ. "ಅದು ಸೆಪ್ಟೆಂಬರ್‌ನಿಂದ ಅಲ್ಲೇ ಇದೆ. ಯಾವ ಶರ್ಟ್ ಹಾಕಿದ್ರೂ."

ಕೈಗೆ ಬಂದ ತುತ್ತು ಬಾಯಿಗೆ ಬರದ ಹೊತ್ತಿನಲ್ಲಿ ಎಂಥ ಮಾತು ಕೇಳಬೇಕಾಯಿತಲ್ಲ ಎಂದುಕೊಂಡಳು ಜ್ಯೋತ್ಸ್ನಾ.

"ಕೇಸ್ ಮುಗಿಯೋವರೆಗೆ ಲೈಬ್ರರಿಗೆ ಬರ್ಬೇಡಿ," ಎಂದಳು. "ಫೋನೂ ಬೇಡ."

"ಆಯ್ತು."

"ಕನ್ನಡಕ ಹಣೆ ಮೇಲಿದೆ."

ಅವನು ಕೈಯೆತ್ತಿ ನೋಡಿಕೊಳ್ಳುವಷ್ಟರಲ್ಲಿ ಅವಳು ಕಾರು ಹೊರಡಿಸಿದ್ದಳು.

ಮೂರೇ ದಿನದಲ್ಲಿ ಸುದ್ದಿ ಅಟ್ಲಾಂಟಾ ಮುಟ್ಟಿತು. ಕೃಷ್ಣಪ್ರಸಾದ ತಾವು ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಿ ಕೋರ್ಟಿಗೆ ಪ್ರಮಾಣಪತ್ರ ಬರೆದುಕೊಟ್ಟರು. ಜ್ಯೋತ್ಸ್ನಾಳ ವಕೀಲೆ ಫೋನ್ ಮಾಡಿದರು. ಜನವರಿಯಲ್ಲಿ ಎದುರು ಕಡೆಯ ವಕೀಲರು ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುತ್ತಾರೆ, ಅಟ್ಲಾಂಟಾಗೆ ಬರಬೇಕು ಎಂದರು. "ಆ ಮನುಷ್ಯ ಯಾರು ಅಂದರೆ ಫ್ರೆಂಡ್ ಅನ್ನಿ. ಒಂದೇ ಪದ. ಅದರ ಮೇಲೆ ಒಂದಕ್ಷರ ಬೇಡ."

ಆ ಎಂಟು ಶನಿವಾರ ಅವಳು ಲೈಬ್ರರಿಯ ಅದೇ ಮೇಜಿನಲ್ಲಿ ಕೂತಳು. ಎದುರಿನ ಕುರ್ಚಿಯಲ್ಲಿ ಒಮ್ಮೆ ಒಬ್ಬ ಮುದುಕ ಬಂದು ಟ್ಯಾಕ್ಸ್ ಫಾರ್ಮ್ ತುಂಬಿದ. ಒಮ್ಮೆ ಒಬ್ಬ ವಿದ್ಯಾರ್ಥಿನಿ ತಲೆಯಿಟ್ಟು ನಿದ್ದೆ ಮಾಡಿದಳು. ಯಾವ ಪುಸ್ತಕ ತೆರೆದರೂ ಯಾವುದಾದರೂ ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಇದನ್ನು ಅವನಿಗೆ ಹೇಳಬೇಕು ಅನ್ನಿಸುತ್ತಿತ್ತು. ಹೇಳುವಂತಿರಲಿಲ್ಲ. ಪ್ರೀತಿ ಎಂದರೆ ಬಹುಶಃ ಇದೇ ಇರಬೇಕು ಎಂದು ಅವಳಿಗೆ ಹೊಳೆದದ್ದು ಆಗ. ಗೊತ್ತಾದದ್ದನ್ನು ಮೊದಲು ಯಾರಿಗೆ ಹೇಳಬೇಕು ಅನ್ನಿಸುತ್ತದೋ ಅವರು ಎದುರಿಗಿಲ್ಲದ ನೋವು.

ಜನವರಿಯಲ್ಲಿ ಇಶಾಳನ್ನು ರಾಜಲಕ್ಷ್ಮಿ ಆಂಟಿಯ ಮನೆಯಲ್ಲಿ ಬಿಟ್ಟು ಒಬ್ಬಳೇ ಡ್ರೈವ್ ಮಾಡಿಕೊಂಡು ಹೊರಟಳು. ವರ್ಜಿನಿಯಾ ದಾಟಿ, ಎರಡು ಕ್ಯಾರೊಲೈನಾಗಳನ್ನೂ ದಾಟಿ, ದಾರಿಯುದ್ದಕ್ಕೂ ಒಂದೇ ಸಮನೆ ಜಿಟಿಜಿಟಿ ಮಳೆ. ಗ್ಯಾಫ್ನಿಯ ಹತ್ತಿರ ಪೀಚ್ ಹಣ್ಣಿನಾಕಾರದ ಆ ದೊಡ್ಡ ನೀರಿನ ಟ್ಯಾಂಕ್ ಕಂಡಿತು. ಎರಡೂವರೆ ವರ್ಷದ ಹಿಂದೆ ಮುರಳೀಧರನ ಮನೆ ಬಿಟ್ಟು ಬರುವಾಗ ಇಶಾ ಅದನ್ನು ನೋಡಿ ಅಳು ನಿಲ್ಲಿಸಿ ನಕ್ಕಿದ್ದಳು. ಇನ್ನು ಮೇಲೆ ಆ ಮಗು ಈ ದಾರಿಯಲ್ಲಿ ಯಾವ ದಿಕ್ಕಿಗೆ ಹೋಗುತ್ತದೋ ಎಂದುಕೊಂಡಳು.

ಅಟ್ಲಾಂಟಾದ ವಕೀಲರ ಆಫೀಸಿನ ಉದ್ದ ಮೇಜಿನ ಆಚೆ ಮುರಳೀಧರ ಪೇಜರ್ ನೋಡಿಕೊಳ್ಳುತ್ತಾ ಕೂತಿದ್ದ. ತುದಿಯಲ್ಲಿ ಒಬ್ಬ ಹೆಂಗಸು ಎಲ್ಲರ ಮಾತನ್ನೂ ಸಣ್ಣ ಯಂತ್ರದಲ್ಲಿ ಟೈಪ್ ಮಾಡುತ್ತಿದ್ದಳು. ಎದುರು ವಕೀಲರು ಬಹಳ ಮರ್ಯಾದಸ್ಥರು. ಮಾತಿಗೊಂದು ಸಲ ಮ್ಯಾಮ್ ಎನ್ನುತ್ತಿದ್ದರು. ಎಷ್ಟು ಶನಿವಾರ, ಯಾವ ಮೇಜು, ಎಷ್ಟು ಹೊತ್ತು, ಮಗು ಎಲ್ಲಿರುತ್ತಿತ್ತು. ಎಲ್ಲ ಕೇಳಿ ಮುಗಿಸಿ ಪೆನ್ನನ್ನು ಕೆಳಗಿಟ್ಟರು.

"ಆ ವ್ಯಕ್ತಿ ನಿಮಗೆ ಏನಾಗಬೇಕು, ಮ್ಯಾಮ್?"

ಒಂದೇ ಪದ. ಪಕ್ಕದಲ್ಲೇ ಅವಳ ವಕೀಲೆ ಕೂತಿದ್ದರು. ಆ ಪದ ಪೂರ್ತಿ ಸುಳ್ಳೂ ಅಲ್ಲ. ಆದರೆ ಈ ಮೇಜಿನಲ್ಲಿ ಹೇಳಿದ್ದು ಎಂದಾದರೂ ಇಶಾಳ ಕೈಗೆ ಸಿಕ್ಕೀತು, ಅವಳು ಓದಿಯಾಳು, ಸುಳ್ಳು ಹೇಳಿದ್ಯಾ ಎಂದು ಮತ್ತೆ ಅದೇ ಪ್ರಶ್ನೆ ಕೇಳಿಯಾಳು.

"ಅವರನ್ನು ನಾನು ಪ್ರೀತಿಸುತ್ತೇನೆ," ಎಂದಳು. "ಈ ಮಾತನ್ನು ಅವರಿಗೆ ಇನ್ನೂ ಹೇಳಿಲ್ಲ. ಏಳು ತಿಂಗಳು ಒಂದೇ ಮೇಜಿನಲ್ಲಿ ಓದಿದ್ದೇವೆ. ಅವರು ನನ್ನ ಕೈಯನ್ನು ಕೂಡ ಮುಟ್ಟಿಲ್ಲ. ಮುಟ್ಟಿದ್ದರೆ ಅದನ್ನೂ ಹೇಳುತ್ತಿದ್ದೆ."

ಇಂಗ್ಲಿಷಿನಲ್ಲಿ ಹೇಳಿದಳು. ಕನ್ನಡದಲ್ಲಾಗಿದ್ದರೆ ಬಹುಶಃ ನಾಲಿಗೆ ಏಳುತ್ತಿರಲಿಲ್ಲ. ಟೈಪ್ ಮಾಡುತ್ತಿದ್ದ ಹೆಂಗಸು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಯಂತ್ರಕ್ಕೆ ಬಗ್ಗಿದಳು. ಮುರಳೀಧರ ಪೇಜರ್ ಬಿಟ್ಟು ಅವಳ ಮುಖ ನೋಡಿದ. ಅಂದು ಬೆಳಗಿನಿಂದ ಅದೇ ಮೊದಲು.

ವಕೀಲರಿಬ್ಬರೂ ಬೇರೆ ಕೋಣೆಗೆ ಹೋದರು. ಸಂಜೆ ನಾಲ್ಕಕ್ಕೆ ಅವಳ ವಕೀಲೆ ಹೊರಗೆ ಬಂದು ಪಕ್ಕದಲ್ಲಿ ಕೂತರು. "ನೀವು ಸುಳ್ಳು ಹೇಳುತ್ತೀರಿ ಅಂತ ಅವರು ಪೂರ್ತಿ ನಂಬಿದ್ದರು. ಆ ಸುಳ್ಳನ್ನು ಹಿಡಿಯೋದೇ ಅವರ ಕೇಸಾಗಿತ್ತು. ಈಗ ರಾಜಿಗೆ ಬಂದಿದ್ದಾರೆ. ಶಾಲೆ ನಡೆಯುವಷ್ಟು ದಿನ ಇಶಾ ನಿಮ್ಮ ಹತ್ತಿರ."

"ಬೇಸಿಗೆ ರಜಾ?"

"ಮೊದಲು ತಂದೆಯ ಹತ್ತಿರ ನಾಲ್ಕು ವಾರದ ಮಾತಿತ್ತು. ಆ ಮನುಷ್ಯನ ವಿಷಯ ಬಂದ ಮೇಲೆ ಹತ್ತು ವಾರ ಕೇಳುತ್ತಿದ್ದಾರೆ. ಅದಕ್ಕಿಂತ ಕಡಿಮೆ ಆಗಲ್ಲ. ಒಪ್ಪಿಕೊಳ್ಳಿ."

ಜ್ಯೋತ್ಸ್ನಾ ಸಹಿ ಹಾಕಿದಳು. ಕಾರಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಮನಸಾರೆ ಅತ್ತಳು. ಗೆದ್ದದ್ದಕ್ಕೋ ಸೋತದ್ದಕ್ಕೋ ಅವಳಿಗೇ ಗೊತ್ತಿರಲಿಲ್ಲ.

ಕೊಲಂಬಿಯಾಗೆ ಮರಳಿದ ಮೇಲೆ ಅವನಿಗೆ ಫೋನ್ ಮಾಡಿ, ಶನಿವಾರ ಬನ್ನಿ ಎಂದಷ್ಟೇ ಹೇಳಿದಳು. ಅವನು ಅವಳಿಗಿಂತ ಮುಂಚೆ ಬಂದು ಕೂತಿದ್ದ. ಸೊರಗಿದ್ದ. ಮೇಜಿನ ಮೇಲೆ ಒಂದೂ ಪುಸ್ತಕವಿರಲಿಲ್ಲ. ಅವಳು ರಾಜಿಯ ವಿಷಯ ಹೇಳಿದಳು. ಹತ್ತು ವಾರದ ವಿಷಯವನ್ನೂ ಹೇಳಿದಳು. ಜಗತ್ತಿನ ಎಲ್ಲದರ ಬಗ್ಗೆ ಪ್ರಶ್ನೆ ಕೇಳುವ ಮನುಷ್ಯ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ನೀವು ನನಗೆ ಏನಾಗ್ಬೇಕು ಅಂತ ಅವರು ಕೇಳಿದ್ರು," ಎಂದಳು ಕೊನೆಗೆ ತಾನೇ.

"ಏನಂದ್ರಿ?"

ಈ ಸಲ ಕನ್ನಡದಲ್ಲಿ ಹೇಳಬೇಕಾಗಿತ್ತು. ಮೂವತ್ತಮೂರು ವರ್ಷದ ಹೆಂಗಸು ಹದಿನಾರರವಳ ಹಾಗೆ ಮೇಜನ್ನು ನೋಡುತ್ತಾ ಹೇಳಿದಳು. "ನಿಮ್ಮನ್ನ ಪ್ರೀತಿಸ್ತೀನಿ ಅಂದೆ."

ಯಶವಂತ್ ಕನ್ನಡಕ ತೆಗೆದು ಒರೆಸಿದ. ಒರೆಸಿದ್ದು ಕನ್ನಡಕವನ್ನೊಂದೇ ಅಲ್ಲ. "ಅಲ್ಲ, ನನಗೆ ಹೇಳದೆ ಅಟ್ಲಾಂಟಾದ ಲಾಯರಿಗೆ ಮೊದಲು ಹೇಳಿದ್ರಾ?"

"ನೀವು ಕೇಳಿರ್ಲಿಲ್ಲ. ಅವರು ಕೇಳಿದ್ರು."

ಅವನು ಮೇಜಿನ ಮೇಲೆ ಕೈ ಚಾಚಿದ. ನಡುವೆ ತಡೆಯುವಂಥದ್ದು ಏನೂ ಇರಲಿಲ್ಲ. ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು.

"ಒಬ್ಬರಿದ್ದಾರೆ," ಎಂದಳು ಆಮೇಲೆ. "ಅವರನ್ನ ಕೇಳ್ದೆ ಮುಂದಕ್ಕೆ ಹೋಗಲ್ಲ ನಾನು. ನಿಮ್ಮ ಮೇಲೆ ಕೋಪ ಬೇರೆ ಇದೆ ಅವರಿಗೆ."

ಭಾನುವಾರ ಮಧ್ಯಾಹ್ನ ಯಶವಂತ್ ಕೊಲಂಬಿಯಾದ ಅಪಾರ್ಟ್‌ಮೆಂಟಿಗೆ ಬಂದ. ಇಶಾ ಸೋಫಾದ ನಡುವಿನಲ್ಲಿ, ಬೇರೆ ಯಾರೂ ಕೂರಲು ಜಾಗವಿಲ್ಲದ ಹಾಗೆ ಕೂತಿದ್ದಳು. ಅವನು ನೆಲದ ಮೇಲೆ ಕೂತ.

"ನೀನು ಹೇಳಿದ್ದು ಸರಿ ಉತ್ತರ," ಎಂದ. "ಮೂಲ ಇಲ್ಲ ಅಂತ ಎಲ್ರ ಮುಂದೆ ಸುಳ್ಳು ಹೇಳಿದ್ದು ನಾನು. ಸಾರಿ ಇಶಾ."

"ವೈ?"

"ನಿಜ ಹೇಳಿದ್ರೆ ನೀನು ಅಮ್ಮನ ಹತ್ರ ಇರೋಕ್ಕಾಗ್ದೆ ಹೋಗ್ಬಹುದು ಅಂತ ಹೆದರಿದ್ದೆ."

ಇಶಾ ಅದನ್ನು ಯೋಚಿಸಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು. "ಅಮ್ಮ ನಿಜ ಹೇಳಿದ್ರು. ಸೋ, ಅದಕ್ಕೆ ನಾನು ಟೆನ್ ವೀಕ್ಸ್ ಹೋಗ್ಬೇಕಾ?"

ಜ್ಯೋತ್ಸ್ನಾ ಅವಳ ಎದುರಿಗೆ ಬಂದು ಕೂತಳು. "ಹೌದು ಪುಟ್ಟಿ. ಅದಕ್ಕೇ."

ಇಶಾ ಅಳಲಿಲ್ಲ. ಕಾಲು ಮಡಿಸಿಕೊಂಡು, ಕೆಳಗೆ ಕೂತಿದ್ದವನನ್ನು ಬಹಳ ಹೊತ್ತು ಪರೀಕ್ಷಿಸಿ ನೋಡಿದಳು.

"ನಿಂಗೆ ಕುಕ್ ಮಾಡೋಕೆ ಬರತ್ತಾ?"

"ಅನ್ನ, ಸಾರು ಬರತ್ತೆ."

"ಅಮ್ಮ ಒಬ್ರೇ ಇದ್ರೆ ಡಿನ್ನರ್‌ಗೆ ಸೀರಿಯಲ್ ತಿಂತಾರೆ, ಸಿಂಕ್ ಹತ್ರ ನಿಂತ್ಕೊಂಡು. ನಂಗೆ ಗೊತ್ತು," ಎಂದಳು ಇಶಾ. "ನಾನು ಅಲ್ಲಿ ಇರೋವಾಗ ನೀನು ಬಂದು ಅವರ ಜೊತೆ ಟೇಬಲ್‌ನಲ್ಲಿ ಕೂತ್ಕೊಂಡು ಊಟ ಮಾಡ್ಬೇಕು. ಎವ್ರಿ ಡೇ."

"ಆಯ್ತು. ದಿನಾ."

"ನಾನು ಫೋನ್ ಮಾಡಿ ಚೆಕ್ ಮಾಡ್ತೀನಿ," ಎಂದು ಹೇಳಿ ಇಶಾ ಸೋಫಾದ ಒಂದು ಬದಿಗೆ ಸರಿದಳು.